ಒಂದು ಲೋಟ ಜೋಳ

ಹಿತ್ತಲ ಮೆಟ್ಟಿಲ ಮೇಲೆ ಕೂತು, ಮಡಿಲಲ್ಲಿ ಹಲಗೆ ಇಟ್ಟುಕೊಂಡು ನಾನು ಕ್ಯಾರೆಟ್ ಸೀಳುತ್ತಿದ್ದೆ. ಬಿಲ್ಲೆಯಾಗಿ ಕತ್ತರಿಸಬಾರದು; ಬಿಲ್ಲೆ ಕುರಿಯ ಗಂಟಲಲ್ಲಿ ಅಡ್ಡ ಕೂತುಬಿಡುತ್ತದೆ. ಬೆರಳಿನ ಹಾಗೆ ಉದ್ದಕ್ಕೆ ಸೀಳಬೇಕು. ಸೇಬಾದರೆ ನಾಲ್ಕು ಹೋಳು ಮಾಡಿ ಬೀಜ ತೆಗೆಯಬೇಕು. ಎಲೆಕೋಸಿನ ಎಲೆ ಒಂದೆರಡು ಸಾಕು, ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಈರುಳ್ಳಿಯ ಸಹವಾಸವೇ ಬೇಡ. ಹಲಗೆಯ ಮೇಲೆ ಚಾಕು ಬೀಳುವ ಸದ್ದು ಬಿಟ್ಟರೆ ಹಿತ್ತಲಲ್ಲಿ ಬೇರೆ ಸದ್ದಿರಲಿಲ್ಲ. ಕುರಿಗಳು ಕೂಡ ನಾನು ಕತ್ತರಿಸುವಾಗ ಕೂಗುವುದಿಲ್ಲ. ಬೇಲಿಯ ಪಟ್ಟಿಗಳ ನಡುವೆ ಮೂಗು ತೂರಿಸಿ ನಿಂತು, ಚಾಕು ಮೇಲೆ ಹೋದರೆ ಮೇಲೆ, ಕೆಳಗೆ ಬಂದರೆ ಕೆಳಗೆ ನೋಡುತ್ತವೆ.

ಇರುವುದು ಎರಡೇ. ದೊಡ್ಡದರ ಹೆಸರು ಟೀಚರಮ್ಮ. ಮೆಲುಕು ಹಾಕುತ್ತಾ ತಲೆ ತಗ್ಗಿಸಿ, ಕನ್ನಡಕದ ಮೇಲಿಂದ ನೋಡಿದ ಹಾಗೆ ನೋಡುತ್ತದೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ನೋಟವನ್ನು ಇನ್ನೂ ಮರೆತಿಲ್ಲ. ಚಿಕ್ಕದು ಪುಟ್ಟಿ. ಟೀಚರಮ್ಮ ಏನು ಮಾಡಿದರೂ ಅದಕ್ಕೆ ಸರಿ.

ನಮ್ಮ ರಸ್ತೆಯ ಕೊನೆಯ ದೊಡ್ಡ ತರಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಕೆಲಸ. ಕೋಸಿನ ಒಣಗಿದ ಎಲೆ ಕೀಳುವುದು, ಪೆಟ್ಟು ತಿಂದ ಹಣ್ಣು ಬೇರೆ ಮಾಡುವುದು, ಮಣ್ಣಿನ ಮೂಲಂಗಿ ತೊಳೆದು ಕಟ್ಟು ಕಟ್ಟುವುದು. ಗಿರಾಕಿಗಳ ಮುಖ ನೋಡುವ ಕೆಲಸ ಅಲ್ಲ, ಅದಕ್ಕೇ ಒಪ್ಪಿಕೊಂಡೆ. ಅಂಗಡಿ ಯಜಮಾನರು ನನ್ನನ್ನು ಇಲಿಮರಿ ಎನ್ನುತ್ತಾರೆ. ಇದ್ದೀನೋ ಇಲ್ಲವೋ ಗೊತ್ತಾಗುವುದಿಲ್ಲವಂತೆ, ಸಂಜೆ ನೋಡಿದರೆ ಕೆಲಸ ಮಾತ್ರ ಆಗಿರುತ್ತದಂತೆ. ಕೊಳೆಯದ, ಆದರೆ ಮಾರಲೂ ಆಗದ ಹಣ್ಣು ತರಕಾರಿಯನ್ನು ದಿನಾ ಒಂದು ಚೀಲ ತುಂಬಿ ಕೊಡುತ್ತಾರೆ.

"ನಿಮ್ಮ ಕುರಿಗೆ ಸೇಬು, ನನಗೆ ಮನೇಲಿ ಮಾತ್ರೆ. ಮುಂದಿನ ಜನ್ಮದಲ್ಲಿ ನಿಮ್ಮ ಹಿತ್ತಲಲ್ಲಿ ಹುಟ್ತೀನಿ ಬಿಡು," ಎನ್ನುತ್ತಾರೆ. ನಾನು ನಗುತ್ತೇನೆ. ಏನಾದರೂ ಹೇಳಬೇಕು ಅನ್ನಿಸುತ್ತದೆ, ಮನೆ ಬಾಗಿಲಿಗೆ ಬಂದ ಮೇಲೆ ಏನು ಹೇಳಬಹುದಿತ್ತು ಎಂದು ಹೊಳೆಯುತ್ತದೆ.

ಮನೆಯಲ್ಲಿ ನಾವು ನಾಲ್ಕು ಜನ. ಕೆಳಗೆ ಅಪ್ಪ ಮತ್ತು ನಾನು. ಮೇಲಿನ ಮಹಡಿಯಲ್ಲಿ ಅಣ್ಣ, ಅತ್ತಿಗೆ. ಅಪ್ಪನದು ಬೀಗ ರಿಪೇರಿ. ಬೀದಿಯ ಕಡೆಯ ಕೋಣೆಯೇ ಅಂಗಡಿ. ಅಣ್ಣ ಸಿಟಿ ಬಸ್ಸು ಓಡಿಸುತ್ತಾನೆ. ಅತ್ತಿಗೆ ಮೇಲೆ ಕೂತು ಬಟ್ಟೆ ಅಂಗಡಿಯವರ ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ಅಮ್ಮ ತೀರಿಕೊಂಡು ಆರು ವರ್ಷ. ಅವಳ ಹಾಸಿಗೆಯ ಪಕ್ಕ ಕೂರಲು ಒಬ್ಬರು ಬೇಕಾಗಿತ್ತು, ಅದಕ್ಕೆ ನಾನು ಶಾಲೆ ಬಿಟ್ಟಿದ್ದು.

ಎಂಟು ತಿಂಗಳಿಂದ ಮೇಲಿನವರಿಗೂ ಕೆಳಗಿನವರಿಗೂ ಮಾತಿಲ್ಲ. ಕಾರಣ ಕೇಳಿದರೆ ಜನ ನಗುತ್ತಾರೆ. ಮಹಡಿಯ ಬಾಗಿಲಿಗೆ ಅಣ್ಣ ಪೇಟೆಯಿಂದ ಹೊಸ ಬೀಗ ತಂದು ಹಾಕಿದ. ಬೀಗದವನ ಮನೆಯಲ್ಲಿ ಅಂಗಡಿ ಬೀಗ. ಅಪ್ಪ ಅದನ್ನು ಮೆಟ್ಟಿಲ ಕೆಳಗಿಂದಲೇ ನೋಡಿ, "ಯಾಕೆ, ನಾನು ಮಾಡಿದ ಬೀಗಕ್ಕೆ ತುಕ್ಕು ಹಿಡಿದಿತ್ತಾ?" ಎಂದ. ಅಣ್ಣ, "ನೀನು ಮಾಡಿದ ಬೀಗಕ್ಕೆ ನಿನ್ನ ಹತ್ರನೂ ಒಂದು ಕೀಲಿ ಇರುತ್ತಲ್ಲ," ಎಂದ. ಅಷ್ಟೇ. ಅಪ್ಪ ಒಳಗೆ ಹೋದ. ಅವತ್ತಿನಿಂದ ಇಬ್ಬರ ಬಾಯಿಗೂ ಬೀಗ.

ಏನಾದರೂ ಹೇಳಬೇಕಾದರೆ ನಾನು.

"ಮೇಲೆ ಹೇಳು, ರಾತ್ರಿ ಕುರ್ಚಿ ಎಳೀತಾರಲ್ಲ, ಕುರ್ಚಿಗೇನು ಕಾಲಿಲ್ವಾ, ಎತ್ತಿಡೋಕೆ ಕೈಯಿಲ್ವಾ ಅಂತ."

ನಾನು ಮೆಟ್ಟಿಲು ಹತ್ತಿ, "ಕುರ್ಚಿ ಎತ್ತಿಡಬೇಕಂತೆ," ಎನ್ನುತ್ತೇನೆ.

"ಕೆಳಗೆ ಹೇಳು, ಬೆಳಿಗ್ಗೆ ಐದಕ್ಕೆ ಕಬ್ಬಿಣ ಉಜ್ಜಿದ್ರೆ ನಾವೇನು ಇಲ್ಲಿ ಜೋಗುಳ ಅಂತ ಕೇಳಿಸ್ಕೊಬೇಕಾ?"

ಇಳಿದು ಬಂದು, "ಬೆಳಿಗ್ಗೆ ಸ್ವಲ್ಪ ತಡವಾಗಿ ಶುರು ಮಾಡ್ತೀಯಾ ಅಂತ ಕೇಳಿದ," ಎನ್ನುತ್ತೇನೆ. ಮುಳ್ಳು ತೆಗೆದು ಮೀನು ಬಡಿಸುವ ಹಾಗೆ. ಇಬ್ಬರೂ "ಹೂಂ" ಎನ್ನುತ್ತಾರೆ. ಅದರಾಚೆ ನನ್ನೊಂದಿಗೂ ಯಾರಿಗೂ ಮಾತಿಲ್ಲ. ಟಪಾಲಿನವನನ್ನು ಕೂರಿಸಿಕೊಂಡು ಯಾರು ಹರಟುತ್ತಾರೆ?

ಆದರೆ ಅವರೆಲ್ಲ ಟೀಚರಮ್ಮನ ಹತ್ತಿರ ಮಾತಾಡುತ್ತಿದ್ದರು. ಇದು ನನಗೊಬ್ಬಳಿಗೇ ಗೊತ್ತು. ಬಚ್ಚಲ ಕಿಟಕಿ ಹಿತ್ತಲಿಗೆ ತೆರೆಯುತ್ತದೆ. ಅಪ್ಪ ಬೇಲಿಗೆ ಒರಗಿ, "ಏನು, ಬೇಸರಾನಾ? ನನಗೂ ಅಷ್ಟೇ," ಎನ್ನುವುದನ್ನು ಕೇಳಿದ್ದೇನೆ. ಅತ್ತಿಗೆ ಬಟ್ಟೆ ಒಣಹಾಕಲು ಬಂದಾಗ, ತವರಿನಲ್ಲಿ ಒಂಬತ್ತು ಜನರ ನಡುವೆ ಒಂದೇ ಕನ್ನಡಿ ಇತ್ತು, ಜಗಳವಾಡದೆ ತಲೆ ಬಾಚಿದ ದಿನವೇ ಇಲ್ಲ ಎಂದು ಅದಕ್ಕೆ ಹೇಳುತ್ತಿದ್ದಳು. ಅಣ್ಣ ಹೆಚ್ಚು ಮಾತಾಡುವುದಿಲ್ಲ. ಅದರ ಕಿವಿಯ ಹಿಂದೆ ಕೆರೆಯುತ್ತಾ, "ಇವತ್ತು ಬಸ್ಸಲ್ಲಿ ಒಬ್ಬ ಅಜ್ಜಿ ನನಗೆ ಒಳ್ಳೇದಾಗಲಿ ಅಂದ್ಲು ಕಣೇ," ಎಂದಿದ್ದ ಒಂದು ಸಲ. ನಾನು ಬಚ್ಚಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ, ನೀರು ಸದ್ದು ಮಾಡಬಾರದೆಂದು ಕೈ ಕೂಡ ತೊಳೆಯದೆ ಕೂತಿದ್ದೆ.

ಟೀಚರಮ್ಮ ಗಬ್ಬವಾಗಿದ್ದಳು. ಕೊನೆಯ ತಿಂಗಳು ಶುರುವಾದಾಗ ಪಶು ಆಸ್ಪತ್ರೆಯ ಡಾಕ್ಟರಮ್ಮನನ್ನು ಕರೆಸಿದೆ. ಅವರು ಹೊಟ್ಟೆಯ ಎರಡೂ ಕಡೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತರು.

"ಒಂದಲ್ಲಮ್ಮ, ಎರಡಿದೆ," ಎಂದರು. "ಒಳಗೆ ಬಾಡಿಗೆದಾರರು ಜಾಸ್ತಿಯಾಗಿ ಮನೆಯವಳಿಗೇ ಜಾಗ ಇಲ್ಲ. ಬರೀ ಹುಲ್ಲು, ಹಣ್ಣು, ತರಕಾರಿ ಅಂದ್ರೆ ಸಾಲಲ್ಲ. ಒಡೆದ ಮುಸುಕಿನ ಜೋಳ ಕೊಡು. ಮೊದಲು ಒಂದು ಹಿಡಿ, ಆಮೇಲೆ ನಿಧಾನಕ್ಕೆ ದಿನಕ್ಕೆ ಒಂದು ಲೋಟ. ಒಂದೇ ಲೋಟ. ಕುರಿಗೆ ಕಾಳು ಕಂಡ್ರೆ ಕಣ್ಣು ಕಾಣಲ್ಲ. ಎಷ್ಟು ಹಾಕಿದ್ರೂ ತಿನ್ನುತ್ತೆ, ಆಮೇಲೆ ಹೊಟ್ಟೆ ಹುಳಿ ಹಿಡಿಯುತ್ತೆ. ಗೊತ್ತಾಯ್ತಾ?"

ನಾನು ತಲೆಯಾಡಿಸಿದೆ. ಅಂಗಡಿಯಿಂದ ಜೋಳ ತಂದು ಹಿತ್ತಲ ಗೋಡೆಯ ಪಕ್ಕದ ತಗಡಿನ ಡಬ್ಬಕ್ಕೆ ಸುರಿದು, ಒಂದು ಸ್ಟೀಲ್ ಲೋಟ ಒಳಗಿಟ್ಟೆ. ಮೇಲಿನವರಿಗೂ ಕೆಳಗಿನವರಿಗೂ ವಿಷಯ ತಿಳಿಸುವುದು ನನ್ನ ಕೆಲಸವಲ್ಲವೇ, ತಿಳಿಸಿದೆ. ಅಪ್ಪನಿಗೆ ಟೀ ಕೊಡುವಾಗ ಹೇಳಿದೆ: "ಟೀಚರಮ್ಮಂಗೆ ಎರಡು ಮರಿ ಇದೆಯಂತೆ. ದಿನಾ ಒಂದು ಲೋಟ ಜೋಳ ಹಾಕ್ಬೇಕಂತೆ." ಅಪ್ಪ ಕೀಲಿ ಉಜ್ಜುವುದನ್ನು ನಿಲ್ಲಿಸಿ, "ಎರಡಾ?" ಎಂದ. ಮೇಲೆ ಹೋಗಿ ಅಣ್ಣ ಅತ್ತಿಗೆಗೂ ಅದೇ ಮಾತು ಹೇಳಿದೆ. ಅತ್ತಿಗೆ ದಾರ ಕಚ್ಚಿ ತುಂಡು ಮಾಡಿ, "ಪಾಪ, ಹೇಗೆ ಹೊರ್ತಾಳೋ," ಎಂದಳು.

ಹಾಕುವವರು ಯಾರು ಅನ್ನುವುದನ್ನು ನಾನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮೊದಲ ಮೂರು ದಿನ ಸಂಜೆ ಕೆಲಸದಿಂದ ಬಂದು ನಾನೇ ಹಿಡಿ ಹಿಡಿಯಾಗಿ ಹಾಕಿದೆ. ನಾಲ್ಕನೇ ದಿನ ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಡಬ್ಬದ ಮುಚ್ಚಳದ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ಅಪ್ಪ ಲೋಟದ ತುಂಬ ಜೋಳ ತೆಗೆದು, ಮೇಲಿನ ಮಹಡಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಟೀಚರಮ್ಮನ ಮೇವಿನ ಬಾನಿಗೆ ಸುರಿದ. "ನೋಡು, ಅವರು ಹಾಕಲ್ಲ. ಅವರಿಗೆ ಅವರದೇ ಹೆಚ್ಚು," ಎಂದ ಅದಕ್ಕೆ. ಅವತ್ತು ನನಗೆ ಅಂಗಡಿಗೆ ರಜೆ. ಮಧ್ಯಾಹ್ನ ಅತ್ತಿಗೆ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಇಳಿದಳು. ಮುಚ್ಚಳದ ಸದ್ದಾಗದಂತೆ ಸೆರಗು ಹಿಡಿದು ತೆಗೆದಳು. ಸಂಜೆ ಅಣ್ಣ ಪಾಳಿ ಮುಗಿಸಿ ಬಂದವನು ಮೇಲೆ ಹತ್ತುವ ಮೊದಲು ಹಿತ್ತಲ ಕಡೆಯಿಂದ ಬಂದ. "ಮುದುಕನಿಗೆ ಬೀಗ ಬಿಟ್ರೆ ಬೇರೇನೂ ಕಾಣಲ್ಲ. ನಿನ್ನ ಉಪವಾಸ ಹಾಕಿರ್ತಾನೆ," ಎಂದು ಡಬ್ಬದಿಂದ ಒಂದು ಲೋಟ ಮೊಗೆದ.

ನಾನು ಅವತ್ತೇ ಹೇಳಬೇಕಿತ್ತು. ಬಾಯಿ ತೆರೆದರೆ ಮುಗಿಯುತ್ತಿತ್ತು: ಅಪ್ಪ, ಅಣ್ಣ ಹಾಕ್ತಾನೆ, ನೀನು ಬಿಡು. ಆದರೆ ಹಾಗೆ ಹೇಳಿದರೆ ಅಪ್ಪ ಬೆಳಿಗ್ಗೆ ಹಿತ್ತಲಿಗೆ ಬರುವುದು ನಿಲ್ಲುತ್ತಿತ್ತು. ಅಣ್ಣನಿಗೆ ಹೇಳಿದರೆ ಅಣ್ಣನದು. ಎಂಟು ತಿಂಗಳಲ್ಲಿ ಆ ಮೂವರೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದುದು ಆ ಬೇಲಿಯ ಹತ್ತಿರ ಮಾತ್ರ. ಬೇರೆ ಬೇರೆ ಹೊತ್ತಿಗೆ, ನಿಜ. ಒಂದು ದಿನ ಹೊತ್ತು ತಪ್ಪಿ ಒಬ್ಬರಿಗೊಬ್ಬರು ಎದುರಾದರೆ? ಇಬ್ಬರ ಕೈಯಲ್ಲೂ ಜೋಳ ಇದ್ದರೆ ಜಗಳವಾಡಲು ಕೈ ಎಲ್ಲಿರುತ್ತದೆ? ಮರಿಗಳು ಹುಟ್ಟಿದ ಮೇಲಂತೂ ನಾಲ್ಕೂ ಜನ ಹೊರಗೆ ಬಂದೇ ಬರಬೇಕು. ಮರಿ ಹುಟ್ಟಿತು ಅಂತ ಮೇಲಕ್ಕೊಂದು ಸಲ ಕೆಳಕ್ಕೊಂದು ಸಲ ಹೇಳಿ ಮುಗಿಸಲು ಆಗುವುದಿಲ್ಲ; ಅದನ್ನು ಬಂದು ನೋಡಬೇಕು. ನಾನು ದಿನಾ ರಾತ್ರಿ ಮಲಗುವಾಗ ಅದನ್ನೇ ನೆನೆಸಿಕೊಳ್ಳುತ್ತಿದ್ದೆ. ಅಪ್ಪ ಎಲ್ಲಿ ನಿಲ್ಲುತ್ತಾನೆ, ಅತ್ತಿಗೆ ಯಾವ ಕಡೆ ಬಗ್ಗಿ ನೋಡುತ್ತಾಳೆ, ಅಣ್ಣ ಮೊದಲು ಯಾರ ಮುಖ ನೋಡುತ್ತಾನೆ.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ನನ್ನ ಪಾಲಿನ ಜೋಳ ನಿಲ್ಲಿಸಿಬಿಟ್ಟೆ. ಮೂವರೂ ಲೋಟ ಪೂರ್ತಿ ತುಂಬಿಸುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತರಕಾರಿಯನ್ನೂ ಕಮ್ಮಿ ಮಾಡಿದೆ. ಟೀಚರಮ್ಮನೂ ಚೆನ್ನಾಗಿಯೇ ಇದ್ದಳು. ಮೈ ಮಿರಿಮಿರಿ ಮಿಂಚುತ್ತಿತ್ತು. ಒಂದು ವಾರ ಹಾಗೇ ಕಳೆಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಆಮೇಲೆ ಅಣ್ಣನ ವಾರದ ರಜೆಯ ದಿನ ಬಂತು. ಅವತ್ತು ಅಂಗಡಿಗೆ ಲಾರಿ ತುಂಬ ಕುಂಬಳಕಾಯಿ ಬಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಮನೆಯಲ್ಲಿರಲಿಲ್ಲ. ಬರುವಾಗ ಚೀಲದಲ್ಲಿ ಕಪ್ಪಗೆ ಕಳಿತ ಬಾಳೆಹಣ್ಣು, ಉದುರಿದ ದ್ರಾಕ್ಷಿ. ಟೀಚರಮ್ಮ ಬೇಲಿಯ ಹತ್ತಿರ ಬಂದು ಆ ಕನ್ನಡಕದ ನೋಟ ನೋಡಿದಳು. ವಾರವಿಡೀ ನನ್ನ ಕೈಯಿಂದ ಅವಳಿಗೆ ನಾಲ್ಕು ಕ್ಯಾರೆಟ್ ಕಡ್ಡಿ ಬಿಟ್ಟರೆ ಏನೂ ಹೋಗಿರಲಿಲ್ಲ. ಎಲ್ಲರ ಮಾತು ಕೇಳಿಸಿಕೊಳ್ಳುವವಳು ನನ್ನದನ್ನೂ ಕೇಳಲಿ ಅನ್ನಿಸಿತು. ಬೇಲಿ ದಾಟಿ ಒಳಗೆ ಕೂತು, ಚೀಲ ಮಡಿಲಲ್ಲಿ ಇಟ್ಟುಕೊಂಡು, ಒಂದೊಂದಾಗಿ ತಿನ್ನಿಸಿದೆ. ಏನೇನೋ ಹೇಳಿದೆ. ಚೀಲ ಖಾಲಿಯಾಗುವ ಹೊತ್ತಿಗೆ ಕತ್ತಲಾಗುತ್ತಿತ್ತು. ಬಾನಿಯ ತಳದಲ್ಲಿ ಜೋಳದ ಹುಡಿ ದಪ್ಪಗೆ ಅಂಟಿರುವುದನ್ನು ನೋಡಿದೆ. ನೋಡಿಯೂ ನೋಡದವಳ ಹಾಗೆ ಎದ್ದು ಬಂದೆ.

ಬೆಳಿಗ್ಗೆ ಅವಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಎಡಗಡೆಯ ಹೊಟ್ಟೆ ಬಿಗಿದಿತ್ತು. ಮೆಲುಕು ಇಲ್ಲ, ಹಲ್ಲು ಮಾತ್ರ ಕಟಕಟ ಕಡಿಯುತ್ತಿದ್ದಳು. ಹಿಂದುಗಡೆ ಹಿಕ್ಕೆಯ ಬದಲು ಗಂಜಿಯಂಥದ್ದು, ಹುಳಿ ವಾಸನೆ. ಪುಟ್ಟಿ ದೂರ ನಿಂತು ನೋಡುತ್ತಿತ್ತು.

ಅಪ್ಪನ ಫೋನಿನಿಂದ ಡಾಕ್ಟರಮ್ಮನಿಗೆ ಮಾಡಿದೆ. ಅವರು ಎಂಟು ಗಂಟೆಗೆ ಬಂದರು. ಟೀಚರಮ್ಮನ ಪಕ್ಕೆಗೆ ಕಿವಿ ಇಟ್ಟು ಕೇಳಿ, ಬಾಯಿ ಬಿಡಿಸಿ ಮೂಸಿ, ನನ್ನ ಕಡೆ ತಿರುಗಿದರು.

"ಎಷ್ಟು ಜೋಳ ಹಾಕಿದೆ?"

"ನಾನು ಹಾಕಿಲ್ಲ," ಎಂದೆ. ಅದು ನಿಜವೇ ಆಗಿತ್ತು.

"ಹಾಗಾದ್ರೆ ಅದೇ ಲೋಟ ಹಿಡ್ಕೊಂಡು ತಿನ್ನುತ್ತಾ? ಯಾರು ಹಾಕಿದ್ರು?"

ಅಷ್ಟರಲ್ಲಿ ಅಪ್ಪ ಹಿತ್ತಲ ಬಾಗಿಲಿಗೆ ಬಂದಿದ್ದ. ಅಣ್ಣ ಯೂನಿಫಾರ್ಮ್ ಹಾಕಿಕೊಂಡು ಹೊರಮೆಟ್ಟಿಲ ನಡುವೆ ನಿಂತಿದ್ದ. ಅವನಿಗಿಂತ ಎರಡು ಮೆಟ್ಟಿಲು ಮೇಲೆ ಅತ್ತಿಗೆ. ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡಿ, ನನಗೆ ಬೇಕಾಗಿರೋದು ಒಂದೇ. ನಿನ್ನೆ ಒಟ್ಟು ಎಷ್ಟು ಲೋಟ ಹೋಗಿದೆ? ಎರಡು ಅಂದ್ರೆ ಅಡುಗೆ ಸೋಡಾ ಕದಡಿ ಕುಡಿಸಿದ್ರೆ ಸಾಕು. ನಾಲ್ಕು ದಾಟಿದ್ರೆ ಗಂಟಲಿಗೆ ನಳಿಕೆ ಇಳಿಸಿ ಎಲ್ಲಾ ತೊಳೆದು ತೆಗೀಬೇಕು. ಹೊಟ್ಟೇಲಿ ಎರಡು ಮರಿ ಇಟ್ಕೊಂಡು ಸುಮ್ಮಸುಮ್ಮನೆ ನಳಿಕೆ ಇಳಿಸೋಕಾಗಲ್ಲ. ಹೇಳಿ, ಯಾರು ಎಷ್ಟು ಹಾಕಿದ್ರಿ?"

ಅಪ್ಪ ನನ್ನ ಕಡೆ ನೋಡಿ, "ಮೇಲಿನವರನ್ನ ಕೇಳು," ಎಂದ.

ಅಣ್ಣನೂ ನನ್ನ ಕಡೆಯೇ ನೋಡಿ, "ಕೆಳಗಿನವರನ್ನ ಕೇಳು," ಎಂದ.

ಡಾಕ್ಟರಮ್ಮ ಇಬ್ಬರನ್ನೂ ಒಮ್ಮೆ ನೋಡಿದರು. "ಇದೇನು, ಮನೆಯೋ ಗಡಿ ಠಾಣೆಯೋ?"

ಅಷ್ಟರಲ್ಲಿ ಇನ್ನೊಂದು ಕಡೆ ಹಸು ಕರು ಹಾಕಲಾಗದೆ ಒದ್ದಾಡುತ್ತಿದೆಯೆಂದು ಡಾಕ್ಟರಮ್ಮನಿಗೆ ಫೋನ್ ಬಂತು. ಅವರು ಟೀಚರಮ್ಮನಿಗೆ ಸೋಡಾ ನೀರು ಕುಡಿಸಿ, ಒಂದು ಇಂಜೆಕ್ಷನ್ ಕೊಟ್ಟು ಹೊರಟರು. ಗೇಟಿನ ಹತ್ತಿರ ನನ್ನ ಭುಜ ಹಿಡಿದು, "ಗೊತ್ತಾದ ತಕ್ಷಣ ಫೋನ್ ಮಾಡು. ತಡವಾದಷ್ಟೂ ಮರಿಗಳಿಗೆ ಕಷ್ಟ. ಮುಚ್ಚಿಡಬೇಡ," ಎಂದರು. ಅಣ್ಣ ಆಗಲೇ ಕೆಲಸಕ್ಕೆ ಹೋಗಿದ್ದ.

ನಾನು ಮೊದಲು ಮೇಲೆ ಹೋದೆ. ಅತ್ತಿಗೆ ಅಂಗಿಯ ರಾಶಿಯ ಮುಂದೆ ಕೂತಿದ್ದಳು, ಸೂಜಿಗೆ ದಾರ ಇರಲಿಲ್ಲ.

"ಒಂದು ಲೋಟ," ಎಂದಳು, ನಾನು ಕೇಳುವ ಮೊದಲೇ. "ಆಮೇಲೆ ಅರ್ಧ ಪೊಟ್ಟಣ ಬ್ರೆಡ್ಡು. ಹಳೇದು, ಎಸೆಯೋಕೆ ಮನಸ್ಸಾಗಲಿಲ್ಲ. ನೀವಿಬ್ಬರೂ ಅದನ್ನ ಹಸಿವಲ್ಲಿಟ್ಟಿದ್ದೀರ ಅಂತ ಅಂದ್ಕೊಂಡಿದ್ದೆ." ಆಮೇಲೆ, "ನಿಮ್ಮಣ್ಣಂಗೆ ಹೇಳಬೇಡ, ನಾನು ಹಿತ್ತಲಿಗೆ ಹೋಗೋದು ಅವರಿಗೆ ಗೊತ್ತಿಲ್ಲ," ಎಂದಳು.

ಅಪ್ಪನ ಕೋಣೆಯಲ್ಲಿ ಗಿರಾಕಿ ಇದ್ದ. ಅವನು ಹೋದ ಮೇಲೆ ಇನ್ನೊಬ್ಬ ಬಂದ. ನಾನು ಬಾಗಿಲಿಗೆ ಒರಗಿ ನಿಂತೇ ಇದ್ದೆ. ನಾನು ನಿಂತಿರುವುದು ಅಪ್ಪನಿಗೆ ಗೊತ್ತಿತ್ತು. ಒಂದೇ ಕೀಲಿಯನ್ನು ಉಜ್ಜಿ ಉಜ್ಜಿ ಸವೆಸಿಬಿಟ್ಟ. ಹನ್ನೊಂದೂವರೆಗೆ, ತಲೆಯೆತ್ತದೆ, "ಎರಡು. ಬೆಳಿಗ್ಗೆ ಒಂದು, ಸಂಜೆ ಒಂದು. ಮೇಲೆ ಹೇಳಬೇಡ," ಎಂದ.

ಅಣ್ಣ ಉಳಿದಿದ್ದ. ಅವನು ಓಡಿಸುವಾಗ ಫೋನ್ ಎತ್ತುವುದಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಮೂರು ಬಸ್ಸು ಬಿಟ್ಟು ನಾಲ್ಕನೆಯದು ಅವನದು. ಹತ್ತಿ, ಜನರ ನಡುವೆ ನುಸುಳಿ, ಅವನ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತೆ. ಕಣ್ಣೆದುರಿಗೇ 'ಚಾಲಕರೊಂದಿಗೆ ಮಾತನಾಡಬೇಡಿ' ಎಂದು ಬರೆದಿತ್ತು.

"ಅಣ್ಣ," ಎಂದೆ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಹೇಗಿದೆ?"

"ಎಷ್ಟು ಹಾಕಿದೆ ನಿನ್ನೆ?"

ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ದೀಪ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆಯುವವರೆಗೂ ಅವನು ಗಾಜನ್ನೇ ನೋಡುತ್ತಿದ್ದ. ಗೇರ್ ಹಾಕಿ, "ಮೂರು," ಎಂದ. "ರಜಾ ಇತ್ತಲ್ಲ. ಮೇಲೆ ಕೂತು ಏನು ಮಾಡಲಿ? ಮೂರು ಸಲ ಇಳಿದು ಬಂದೆ." ಆಮೇಲೆ, "ಕೆಳಗೆ ಹೇಳಬೇಡ."

ಮುಂದಿನ ನಿಲ್ದಾಣದಲ್ಲಿ ಇಳಿದು ತರಕಾರಿ ಅಂಗಡಿಗೆ ಓಡಿದೆ. ಯಜಮಾನರ ಫೋನು ಕೇಳಿ ತೆಗೆದುಕೊಂಡು, ಕುಂಬಳಕಾಯಿ ರಾಶಿಯ ಹಿಂದೆ ನಿಂತು ಡಾಕ್ಟರಮ್ಮನಿಗೆ ಹೇಳಿದೆ. ಆರು ಲೋಟ. ಅರ್ಧ ಪೊಟ್ಟಣ ಬ್ರೆಡ್ಡು. ಆಮೇಲೆ ಒಂದು ಚೀಲ ಬಾಳೆಹಣ್ಣು ದ್ರಾಕ್ಷಿ; ಅದು ನಾನು. ವಾರದಿಂದ ದಿನಾ ಮೂರು ಲೋಟ ಹೋಗ್ತಿತ್ತು, ನನಗೆ ಗೊತ್ತಿತ್ತು, ನಾನು ಯಾರಿಗೂ ಹೇಳಲಿಲ್ಲ.

"ಒಂದೇ ಮನೇಲಿರೋರಾ ನೀವು?" ಎಂದರು ಡಾಕ್ಟರಮ್ಮ. "ಬರ್ತೀನಿ. ಕರು ಇನ್ನೂ ಅರ್ಧ ಒಳಗಿದೆ. ಮುಗಿಸಿ ಬರ್ತೀನಿ."

ಫೋನು ವಾಪಸು ಕೊಡುವಾಗ ಯಜಮಾನರು, "ಇಲಿಮರಿ, ನಿನಗೆ ಇಷ್ಟೆಲ್ಲ ಮಾತು ಬರುತ್ತಾ?" ಎಂದರು. ನನ್ನ ಮುಖ ನೋಡಿ ಫೋನು ಜೇಬಿಗಿಟ್ಟುಕೊಂಡರು. "ಹೋಗು ಮಗಳೇ. ಇವತ್ತು ಕೆಲಸ ಬೇಡ."

ಡಾಕ್ಟರಮ್ಮ ಬಂದಾಗ ಮೂರು ಗಂಟೆ. ತೋಳಿನವರೆಗೆ ಇನ್ನೂ ಹಸುವಿನ ರಕ್ತ ಇತ್ತು. ನಾನು ಟೀಚರಮ್ಮನ ತಲೆ ತೊಡೆಯ ಮೇಲಿಟ್ಟು ಹಿಡಿದುಕೊಂಡೆ. ಅವರು ನಳಿಕೆ ಇಳಿಸಿ, ಬೆಚ್ಚಗಿನ ನೀರು ಹೊಯ್ದು, ಹೊರಗೆ ತೆಗೆದು, ಮತ್ತೆ ಹೊಯ್ದರು. ಬಕೆಟ್ಟಿಗೆ ಹುಳಿ ನಾರುವ ಹಳದಿ ನೀರು, ಅರಗದ ಜೋಳ, ದ್ರಾಕ್ಷಿ ಸಿಪ್ಪೆ. ನಾಲ್ಕು ಬಕೆಟ್. ಯಾರ ಪಾಲು ಯಾವುದೆಂದು ಅದರಲ್ಲಿ ಗೊತ್ತಾಗುತ್ತಿರಲಿಲ್ಲ. ಅವಳು ಒದ್ದಾಡಲೂ ಇಲ್ಲ, ಅದೇ ನನಗೆ ಭಯ. ಕೊನೆಗೆ ಡಾಕ್ಟರಮ್ಮ ಹೊಟ್ಟೆಯ ಮೇಲೆ ಅಂಗೈ ಇಟ್ಟು ತುಂಬ ಹೊತ್ತು ಕೂತರು.

"ತಾಯಿ ಉಳೀತಾಳೆ ಅನ್ಸುತ್ತೆ," ಎಂದರು. ಮರಿಗಳ ವಿಷಯ ನಾನು ಕೇಳಲಿಲ್ಲ. ಅವರು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎರಡನ್ನೂ ಹಾಕಿದಳು. ದಿನ ತುಂಬಿರಲಿಲ್ಲ, ಆದರೂ ಎರಡಕ್ಕೂ ಮರಿಯ ರೂಪ ಪೂರ್ತಿ ಬಂದಿತ್ತು. ಗೊರಸು, ರೆಪ್ಪೆ, ಗುಂಗುರು ಒದ್ದೆ ಕೂದಲು, ಎಲ್ಲ ಇತ್ತು. ಉಸಿರು ಮಾತ್ರ ಇರಲಿಲ್ಲ. ಟೀಚರಮ್ಮ ಎದ್ದು ನಿಲ್ಲಲಾರದೆ ಮಲಗಿದಲ್ಲೇ ಕತ್ತು ಚಾಚಿ ಒಂದನ್ನು ನೆಕ್ಕುತ್ತಿದ್ದಳು, ಆಮೇಲೆ ಇನ್ನೊಂದನ್ನು, ಮತ್ತೆ ಮೊದಲನೆಯದನ್ನು.

ನಾನು ಒಳಗೆ ಹೋಗಿ ಅಪ್ಪನಿಗೆ ಹೇಳಿದೆ. ಮೆಟ್ಟಿಲು ಹತ್ತಿ ಮೇಲೆ ಹೇಳಿದೆ. ಎರಡೂ ಕಡೆ ಒಂದೇ ಮಾತು, ಮುಳ್ಳು ತೆಗೆಯಲು ಅದರಲ್ಲಿ ಏನೂ ಇರಲಿಲ್ಲ.

ಅಪ್ಪ ಗುದ್ದಲಿ ತಂದು ತನ್ನ ಕೋಣೆಯ ಕಿಟಕಿಯ ಕೆಳಗೆ ಅಗೆಯಲು ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಅಣ್ಣ ಪಕ್ಕದ ಮನೆಯಿಂದ ಒಂದು ಸಲಿಕೆ ಕೇಳಿ ತಂದ. ಅಪ್ಪನ ಜೊತೆ ಸೇರಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಹಿತ್ತಲ ಆ ತುದಿಗೆ, ಹೊರಮೆಟ್ಟಿಲ ಬುಡಕ್ಕೆ ಹೋಗಿ, ಅಲ್ಲಿ ಇನ್ನೊಂದು ಗುಂಡಿ ತೋಡತೊಡಗಿದ. ಇಬ್ಬರೂ ಬೆನ್ನು ತಿರುಗಿಸಿಕೊಂಡು ಅಗೆದರು. ಒಬ್ಬರ ಗುದ್ದಲಿ ನಿಂತಾಗ ಇನ್ನೊಬ್ಬರ ಸಲಿಕೆಯ ಸದ್ದು. ಅತ್ತಿಗೆ ಒಂದು ಹಳೆಯ ಟವಲ್ ತಂದಳು. ಒಂದೇ ಇತ್ತು. ಸ್ವಲ್ಪ ಯೋಚಿಸಿ, ಹಲ್ಲಿನಿಂದ ಅಂಚು ಕಚ್ಚಿ, ಅದನ್ನು ನಡುವೆ ಹರಿದಳು. ಒಂದು ಮರಿಯನ್ನು ಅವಳು ಸುತ್ತಿ ಎತ್ತಿಕೊಂಡು ಅಣ್ಣನ ಗುಂಡಿಗೆ ಒಯ್ದಳು. ಇನ್ನೊಂದನ್ನು ನಾನು ಅಪ್ಪನ ಗುಂಡಿಗೆ ಒಯ್ದೆ. ಹೆಚ್ಚು ಭಾರ ಇರಲಿಲ್ಲ.

ಮಣ್ಣು ಮುಚ್ಚಿ ಆಯಿತು. ಅಪ್ಪ ಗುದ್ದಲಿಗೆ ಅಂಟಿದ ಮಣ್ಣನ್ನು ಹುಲ್ಲಿನಿಂದ ಒರೆಸುತ್ತಿದ್ದ. ಅಣ್ಣ ಬಕೆಟ್ಟಿನಲ್ಲಿ ಕೈ ಅದ್ದಿ ತೊಳೆಯುತ್ತಿದ್ದ. ಅತ್ತಿಗೆ ಮೊದಲ ಮೆಟ್ಟಿಲ ಮೇಲೆ ನಿಂತಿದ್ದಳು, ಹತ್ತಲೂ ಇಲ್ಲ ಇಳಿಯಲೂ ಇಲ್ಲ. ನಾನು ಬೇಲಿಯ ಒಳಗೆ ಟೀಚರಮ್ಮನ ಪಕ್ಕ ಕೂತಿದ್ದೆ. ಅವಳಿಗೆ ಒಂದು ವಾರ ಒಣಹುಲ್ಲು ಮಾತ್ರ ಎಂದಿದ್ದರು ಡಾಕ್ಟರಮ್ಮ. ಅವಳು ಬಾನಿಯ ಕಡೆ ನೋಡುತ್ತಿದ್ದಳು. ಅಪ್ಪ ಅವಳನ್ನು ನೋಡಿದ. ಅಣ್ಣನೂ ನೋಡಿದ. ಅತ್ತಿಗೆಯೂ. ಮೂವರ ಕಣ್ಣಿನಲ್ಲೂ ಅದೇ ಮರುಕ ಇತ್ತು, ಇಷ್ಟು ದಿನ ಲೋಟದಲ್ಲಿ ಮೊಗೆದು ಮೊಗೆದು ಹಾಕಿದ್ದರಲ್ಲ, ಅದು.

ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವುದು ನನಗೆ ಅಭ್ಯಾಸ. ಎಲ್ಲರಿಗೂ ಒಟ್ಟಿಗೆ ಕೇಳುವಂತೆ ಹೇಳಲು ಎಷ್ಟು ಗಟ್ಟಿಯಾಗಿ ಮಾತಾಡಬೇಕೋ ಗೊತ್ತಾಗಲಿಲ್ಲ. ಎದ್ದು ನಿಂತೆ.

"ಇನ್ಮೇಲೆ ಇದಕ್ಕೆ ಯಾರು ಏನು ಹಾಕಿದ್ರೂ ನನಗೊಂದು ಮಾತು ಹೇಳಿ," ಎಂದೆ.

ಅಪ್ಪ ಗುದ್ದಲಿಯನ್ನು ತಿರುಗಿಸಿ ಇನ್ನೊಂದು ಬದಿ ಒರೆಸಿದ. ಅಣ್ಣ ಬಕೆಟ್ಟಿನ ನೀರು ಚೆಲ್ಲಿದ. ಅತ್ತಿಗೆ ಎರಡನೇ ಮೆಟ್ಟಿಲು ಹತ್ತಿದಳು.

"ಹಾಕಬೇಡಿ ಅಂತಿಲ್ಲ," ಎಂದೆ. "ಹಾಕಿದ್ರೆ ಹೇಳಿ. ಅಷ್ಟೇ."